ಹೊಡೆತದ ಕ್ಲಿಷ್ಟತೆಗೆ ಅಳತೆಗೋಲು: ಬಿಲಿಯರ್ಡ್ಸ್, ಸ್ನೂಕರ್, ಪೂಲ್ ಆಟಗಳಲ್ಲಿ ಸಂಖ್ಯಾಶಾಸ್ತ್ರ

1979ರಲ್ಲಿ ಇಂಗ್ಲೆಂಡಿನಲ್ಲಿ ನಡೆದ ಹೋಲ್ಸ್ಟನ್ ಲಾಗರ್ ಪಂದ್ಯಾವಳಿಯಲ್ಲಿ ಜಾನ್ ಸ್ಪೆನ್ಸರ್ ಅವರು ಸ್ನೂಕರ್‌ನ ಗರಿಷ್ಠ ಬ್ರೇಕ್ ಆದ 147 ಅಂಕಗಳನ್ನು ಗಳಿಸಿದರು. 15 ಕೆಂಪು ಚೆಂಡು, ಪ್ರತಿ ಕೆಂಪಿನ ಬಳಿಕ ಕಪ್ಪು, ಕೊನೆಗೆ ಆರು ಬಣ್ಣದ ಚೆಂಡುಗಳು. ಒಟ್ಟು 36 ಪಾಟ್‌ಗಳಲ್ಲಿ ಒಂದೂ ತಪ್ಪಲಿಲ್ಲ. ಆದರೂ ಆ ಸಾಧನೆಗೆ ಅಧಿಕೃತ ದಾಖಲೆಯ ಮಾನ್ಯತೆ ದೊರೆಯಲಿಲ್ಲ. ಮೇಜಿನ ಪಾಕೆಟ್‌ಗಳು ನಿಗದಿತ ಅಳತೆಗಿಂತ ಅಗಲವಾಗಿದ್ದುದೇ ಅದಕ್ಕೆ ಕಾರಣ. ಮೂರು ವರ್ಷಗಳ ತರುವಾಯ, 1982ರ ಜನವರಿ 11ರಂದು, ಓಲ್ಡ್‌ಹ್ಯಾಮ್‌ನಲ್ಲಿ ಸ್ಟೀವ್ ಡೇವಿಸ್ ಅವರು ಗಳಿಸಿದ 147 ವೃತ್ತಿಪರ ಪಂದ್ಯಾವಳಿಯ ಮೊದಲ ಅಧಿಕೃತ ಗರಿಷ್ಠ ಬ್ರೇಕ್ ಎಂದು ದಾಖಲಾಯಿತು.

ಅಂಕ ಒಂದೇ, ತೀರ್ಪು ಎರಡು. ಅಂಕಫಲಕವು ಆಟಗಾರನು ಎಷ್ಟು ಗಳಿಸಿದನೆಂಬುದನ್ನು ಹೇಳುತ್ತದೆಯೇ ಹೊರತು, ಅದು ಎಷ್ಟು ಕಷ್ಟದ ಗಳಿಕೆ ಎಂಬುದನ್ನು ಹೇಳುವುದಿಲ್ಲ. ಕ್ರಿಕೆಟ್ ಬಲ್ಲವರಿಗೆ ಈ ತೊಡಕು ಹೊಸದಲ್ಲ. ಚಿನ್ನಸ್ವಾಮಿ ಕ್ರೀಡಾಂಗಣದ ಚಿಕ್ಕ ಬೌಂಡರಿಗಳ ನಡುವೆ ಗಳಿಸಿದ ಐವತ್ತು ರನ್ನಿಗೂ, ಹೆಡಿಂಗ್ಲೆಯಲ್ಲಿ ಮೋಡ ಕವಿದ ಬೆಳಿಗ್ಗೆ ಗಳಿಸಿದ ಐವತ್ತು ರನ್ನಿಗೂ ಸ್ಕೋರು ಪುಸ್ತಕದಲ್ಲಿ ವ್ಯತ್ಯಾಸವಿಲ್ಲ. ಬಿಲಿಯರ್ಡ್ಸ್ ಮೇಜಿನ ಮೇಲೆ ಈ ತೊಡಕು ಇನ್ನಷ್ಟು ಸೂಕ್ಷ್ಮ. ಏಕೆಂದರೆ ಇಲ್ಲಿ ಮುಂದಿನ ಹೊಡೆತ ಎಷ್ಟು ಕಷ್ಟ ಎಂಬುದನ್ನು ಬಹುಮಟ್ಟಿಗೆ ನಿರ್ಧರಿಸುವವನು ಎದುರಾಳಿಯಲ್ಲ, ಹಿಂದಿನ ಹೊಡೆತವನ್ನು ಆಡಿದ ಆಟಗಾರನೇ.

ಇದು ಕೇವಲ ಪಂಡಿತರ ಚರ್ಚೆಯೂ ಅಲ್ಲ. ಕಿರಿಯರ ತಂಡಕ್ಕೆ ಯಾರನ್ನು ಆರಿಸಬೇಕು, ಕ್ಲಬ್ಬಿನ ಪಂದ್ಯದಲ್ಲಿ ಯಾರಿಗೆ ಎಷ್ಟು ಅಂಕಗಳ ಹ್ಯಾಂಡಿಕ್ಯಾಪ್ ಕೊಡಬೇಕು, ಐವತ್ತು ವರ್ಷ ಹಳೆಯ ದಾಖಲೆಯನ್ನು ಇಂದಿನದರೊಡನೆ ಹೇಗೆ ತೂಗಬೇಕು ಎಂಬ ಪ್ರಶ್ನೆಗಳೆಲ್ಲ ಕೊನೆಗೆ ಬಂದು ನಿಲ್ಲುವುದು ಕ್ಲಿಷ್ಟತೆಯ ಅಳತೆಯ ಬಳಿಯೇ. ಸಂಖ್ಯಾಶಾಸ್ತ್ರವು ಇದಕ್ಕೆ ನೀಡುವ ವ್ಯಾಖ್ಯೆ ಸರಳವಾಗಿದೆ: ನಿರ್ದಿಷ್ಟ ಮಟ್ಟದ ಆಟಗಾರನೊಬ್ಬನು ಒಂದು ಹೊಡೆತವನ್ನು ನೂರು ಬಾರಿ ಆಡಿದರೆ ಎಷ್ಟು ಬಾರಿ ತಪ್ಪುತ್ತಾನೋ ಅದೇ ಆ ಹೊಡೆತದ ಕ್ಲಿಷ್ಟತೆ. ‘ನಿರ್ದಿಷ್ಟ ಮಟ್ಟದ’ ಎಂಬ ವಿಶೇಷಣವನ್ನು ಕೈಬಿಟ್ಟರೆ ಈ ವ್ಯಾಖ್ಯೆಗೆ ಅರ್ಥವೇ ಉಳಿಯದು.

ನಿಯಮ ತಿದ್ದಿದವರ ಲೆಕ್ಕ

ಸಂಖ್ಯಾಶಾಸ್ತ್ರ ಎಂಬ ಹೆಸರನ್ನು ಬಳಸದೆಯೇ ಕ್ಲಿಷ್ಟತೆಯನ್ನು ಮೊದಲು ಅಳೆದವರು ಆಟದ ನಿಯಮಗಳನ್ನು ರೂಪಿಸಿದವರು. ಇಂಗ್ಲಿಷ್ ಬಿಲಿಯರ್ಡ್ಸ್ ಆಟದಲ್ಲಿ ಮೂರೇ ಚೆಂಡುಗಳು. ಕೆಂಪು ಚೆಂಡನ್ನು ಪಾಕೆಟ್ಟಿಗೆ ಹಾಕಿದರೆ 3 ಅಂಕ, ಕ್ಯೂ ಚೆಂಡು ಉಳಿದೆರಡು ಚೆಂಡುಗಳನ್ನೂ ತಾಗಿದರೆ, ಅಂದರೆ ಕ್ಯಾನನ್ ಆದರೆ, 2 ಅಂಕ. ಕ್ಯೂ ಚೆಂಡೇ ಇನ್ನೊಂದನ್ನು ತಾಗಿ ಪಾಕೆಟ್ಟಿಗೆ ಬಿದ್ದರೆ ಅದಕ್ಕೂ ಅಂಕವುಂಟು. ಒಂದೇ ಹೊಡೆತವನ್ನು ಎಷ್ಟು ಬಾರಿ ಬೇಕಾದರೂ ಆಡಬಹುದಾಗಿದ್ದ ಕಾಲದಲ್ಲಿ, ಕೆಂಪು ಚೆಂಡನ್ನು ಅದರ ಸ್ಥಾನದಿಂದ ಮೂಲೆಯ ಪಾಕೆಟ್ಟಿಗೆ ಮತ್ತೆ ಮತ್ತೆ ಹಾಕುವ ಕಲೆಯನ್ನು ಕೆಲವರು ಕರಗತ ಮಾಡಿಕೊಂಡರು. 1890ರಲ್ಲಿ ಡಬ್ಲ್ಯು.ಜೆ. ಪೀಲ್ ಅವರು 3,304 ಅಂಕಗಳ ಬ್ರೇಕ್ ಮಾಡಿದ್ದು ಹೀಗೆ. 1898ರಲ್ಲಿ ಆ ಹೊಡೆತಕ್ಕೆ ಮಿತಿ ಹೇರಲಾಯಿತು.

1907ರ ಪ್ರಸಂಗ ಇನ್ನೂ ವಿಚಿತ್ರವಾದುದು. ಟಾಮ್ ರೀಸ್ ಎಂಬ ಆಟಗಾರರು ಎರಡು ಚೆಂಡುಗಳನ್ನು ಮೂಲೆಯ ಪಾಕೆಟ್ಟಿನ ಬಾಯಲ್ಲಿ ನಿಲ್ಲಿಸಿಕೊಂಡು, ಅವುಗಳನ್ನು ಕದಲಿಸದಷ್ಟು ಮೆಲ್ಲನೆ ತಾಗಿಸುತ್ತ, ಹಲವು ವಾರಗಳ ಕಾಲ ಕ್ಯಾನನ್‌ಗಳನ್ನೇ ಆಡಿ 4,99,135 ಅಂಕಗಳಿಗೆ ಅಜೇಯರಾಗಿ ಉಳಿದರು. ಪತ್ರಕರ್ತರೂ ಪ್ರೇಕ್ಷಕರೂ ಎಲ್ಲ ಹೊತ್ತಿನಲ್ಲಿ ಹಾಜರಿರಲಿಲ್ಲವೆಂಬ ಕಾರಣದಿಂದ ಆ ಬ್ರೇಕಿಗೆ ಮಾನ್ಯತೆ ಸಿಗಲಿಲ್ಲ. ಹಾಜರಿದ್ದು ನೋಡಿದವರ ತಾಳ್ಮೆಯನ್ನು ಮೆಚ್ಚಲೇಬೇಕು. ಇದರ ಹಿಂದಿನ ಲೆಕ್ಕವನ್ನು ಗಮನಿಸಿ. ಸಾವಿರ ಹೊಡೆತಕ್ಕೆ ಒಂದು ತಪ್ಪುವ ಆಟಗಾರನ ಸರಣಿ ಸರಾಸರಿ ಸಾವಿರ ಹೊಡೆತಗಳ ಆಸುಪಾಸಿನಲ್ಲಿ ಮುಗಿಯಬೇಕು. ಸುಮಾರು ಎರಡೂವರೆ ಲಕ್ಷ ಕ್ಯಾನನ್‌ಗಳವರೆಗೂ ಅದು ಮುಗಿಯಲಿಲ್ಲವೆಂದರೆ, ಆ ಹೊಡೆತದಲ್ಲಿ ತಪ್ಪುವ ಸಂಭವನೀಯತೆ ಲಕ್ಷಕ್ಕೆ ಒಂದರ ಆಸುಪಾಸಿಗೆ ಇಲ್ಲವೇ ಅದಕ್ಕಿಂತ ಕೆಳಗೆ ಇಳಿದಿತ್ತು ಎಂದರ್ಥ. ಕ್ಲಿಷ್ಟತೆ ಸೊನ್ನೆಗೆ ಹತ್ತಿರವಾದಾಗ ಅದು ಆಟವಾಗಿ ಉಳಿಯುವುದಿಲ್ಲ. ಆ ಹೊಡೆತವನ್ನು ಅದೇ ವರ್ಷ ನಿಷೇಧಿಸಲಾಯಿತು.

1932ರಲ್ಲಿ ಆಸ್ಟ್ರೇಲಿಯದ ವಾಲ್ಟರ್ ಲಿಂಡ್ರಮ್ ಅವರು ಲಂಡನ್ನಿನಲ್ಲಿ ಜೋ ಡೇವಿಸ್ ಅವರ ವಿರುದ್ಧ 4,137 ಅಂಕಗಳ ಬ್ರೇಕ್ ಕಟ್ಟಿದರು. ಚೆಂಡುಗಳನ್ನು ಕುಷನ್ನಿನ ಬದಿಯಲ್ಲಿ ಒಟ್ಟಾಗಿ ಇಟ್ಟುಕೊಂಡು ಕ್ಯಾನನ್‌ಗಳನ್ನು ನೇಯುತ್ತ ಹೋಗುವುದರಲ್ಲಿ ಅವರಿಗೆ ಸಾಟಿಯಿರಲಿಲ್ಲ. ಇದರ ಫಲವಾಗಿ ಬಾಕ್ ಲೈನ್ ನಿಯಮ ಬಂದಿತು. ಪ್ರತಿ ನೂರು ಅಂಕಗಳಲ್ಲಿ ಒಮ್ಮೆಯಾದರೂ ಕ್ಯೂ ಚೆಂಡು ಮೇಜಿನ ಕೆಳತುದಿಯ ಗೆರೆಯನ್ನು ದಾಟಿ ಬರಬೇಕು, ಅಂದರೆ ಜೋಡಿಸಿಟ್ಟುಕೊಂಡ ಚೆಂಡುಗಳನ್ನು ಬಿಟ್ಟುಹೋಗಿ ಮತ್ತೆ ಹೊಸದಾಗಿ ಹಿಡಿತ ಸಾಧಿಸಬೇಕು. ಈ ನಿಯಮದ ವಿವರಗಳು ಮುಂದೆ ಹಲವು ಬಾರಿ ಬದಲಾದವು. ನಿರ್ಬಂಧಗಳು ಬಿಗಿಯಾದ ಬಳಿಕವೇ, 1992ರ ವಿಶ್ವ ವೃತ್ತಿಪರ ಚಾಂಪಿಯನ್‌ಷಿಪ್‌ನಲ್ಲಿ, ನಮ್ಮ ಗೀತ್ ಸೇಥಿ ಅವರು 1,276 ಅಂಕಗಳ ಬ್ರೇಕ್ ಗಳಿಸಿದರು. 4,137ರ ಪಕ್ಕದಲ್ಲಿ ಇದನ್ನು ಚಿಕ್ಕದೆಂದು ಕಾಣುವವರು ನಿಯಮಪುಸ್ತಕವನ್ನು ಪಕ್ಕಕ್ಕಿಟ್ಟು ದಾಖಲೆ ಓದುತ್ತಿದ್ದಾರೆ ಎನ್ನಬೇಕಾಗುತ್ತದೆ.

ಸರಾಸರಿಯಲ್ಲಿ ಅಡಗಿರುವ ಸಂಭವನೀಯತೆ

ಒಂದು ಹೊಡೆತ ಯಶಸ್ವಿಯಾಗುವ ಸಂಭವನೀಯತೆ ತಿಳಿದರೆ ಸರಣಿಯ ಸರಾಸರಿ ಉದ್ದ ತಿಳಿಯುತ್ತದೆ. ಸರಾಸರಿ ತಿಳಿದಿದ್ದರೆ ಹಿಂದಕ್ಕೆ ಹೋಗಿ ಸಂಭವನೀಯತೆಯನ್ನು ಅಂದಾಜು ಮಾಡಬಹುದು. ಸೂತ್ರ ಇಷ್ಟೇ: ಸರಾಸರಿಯನ್ನು, ಅದಕ್ಕೆ ಒಂದನ್ನು ಕೂಡಿಸಿದ ಸಂಖ್ಯೆಯಿಂದ ಭಾಗಿಸಬೇಕು. ಇದನ್ನು ಅತ್ಯಂತ ಶುದ್ಧವಾಗಿ ಕಾಣಬಹುದಾದ ಆಟವೆಂದರೆ ಪಾಕೆಟ್ಟುಗಳೇ ಇಲ್ಲದ ಮೇಜಿನ ಮೇಲೆ ಆಡುವ ತ್ರೀ-ಕುಷನ್ ಬಿಲಿಯರ್ಡ್ಸ್. ಕ್ಯೂ ಚೆಂಡು ಎರಡನೆಯ ಗುರಿಚೆಂಡನ್ನು ತಾಗುವ ಮೊದಲು ಕನಿಷ್ಠ ಮೂರು ಬಾರಿ ಕುಷನ್ನಿಗೆ ಬಡಿದಿರಬೇಕು. ಪ್ರತಿ ಯಶಸ್ಸಿಗೆ ಒಂದೇ ಅಂಕ. ಸರದಿಯೊಂದಕ್ಕೆ ಸರಾಸರಿ ಅರ್ಧ ಅಂಕ ಗಳಿಸುವವನು ಮೂರು ಹೊಡೆತಗಳಲ್ಲಿ ಒಂದನ್ನು ಗೆಲ್ಲುತ್ತಿದ್ದಾನೆ. ಸರಾಸರಿ 1 ಎಂದರೆ ಎರಡರಲ್ಲಿ ಒಂದು. ಸರಾಸರಿ 2 ಎಂದರೆ ಮೂರರಲ್ಲಿ ಎರಡು. ಇದು ವಿಶ್ವದ ಅಗ್ರಗಣ್ಯರ ಮಟ್ಟ.

ಮೇಲ್ನೋಟಕ್ಕೆ ಈ ಅಂತರ ದೊಡ್ಡದಲ್ಲ. ಆದರೆ ಸರದಿಯೊಂದರಲ್ಲಿ ಸತತ ಹತ್ತು ಅಂಕ ಗಳಿಸುವ ಸಾಧ್ಯತೆಯನ್ನು ಲೆಕ್ಕ ಹಾಕಿದರೆ ಚಿತ್ರ ಬದಲಾಗುತ್ತದೆ. ಸರಾಸರಿ 2 ಇರುವವನಿಗೆ ಅದು ಸುಮಾರು 58 ಸರದಿಗಳಿಗೊಮ್ಮೆ ಒದಗುತ್ತದೆ. ಸರಾಸರಿ 1 ಇರುವವನಿಗೆ 1,024 ಸರದಿಗಳಿಗೊಮ್ಮೆ. ಸರಾಸರಿ ಅರ್ಧ ಇರುವವನಿಗೆ ಸುಮಾರು 59,000 ಸರದಿಗಳಿಗೊಮ್ಮೆ, ಅಂದರೆ ಜೀವಮಾನದಲ್ಲಿ ಒಮ್ಮೆಯೂ ಒದಗದಿರಬಹುದು.

ಸ್ನೂಕರ್‌ನ 147ಕ್ಕೂ ಇದೇ ಗುಣಾಕಾರ ಅನ್ವಯಿಸುತ್ತದೆ. ಪ್ರತಿ ಪಾಟ್ ಯಶಸ್ವಿಯಾಗುವ ಸಂಭವನೀಯತೆ ಶೇ. 90 ಇದ್ದರೆ 36 ಪಾಟ್‌ಗಳು ಒಂದೂ ತಪ್ಪದಂತೆ ಬೀಳುವ ಸಾಧ್ಯತೆ ಶೇ. 2ರಷ್ಟು. ಶೇ. 95 ಇದ್ದರೆ ಸುಮಾರು ಶೇ. 16. ಶೇ. 98ಕ್ಕೆ ಏರಿದರೆ ಶೇ. 48. ದೂರದರ್ಶನದಲ್ಲಿ ನೋಡುವವರ ಕಣ್ಣಿಗೆ 95ಕ್ಕೂ 98ಕ್ಕೂ ಭೇದವೇ ಕಾಣದು. 147ರ ಲೆಕ್ಕದಲ್ಲಿ ಅದು ಮೂರು ಪಟ್ಟು. ನಿಜವಾದ ಆಟದಲ್ಲಿ ಈ ಸಾಧ್ಯತೆಗಳು ಇದಕ್ಕಿಂತ ಬಹಳ ಕಡಿಮೆ. ಪಾಟ್ ಮಾಡಿದರಷ್ಟೇ ಸಾಲದು, ಪ್ರತಿ ಬಾರಿಯೂ ಕ್ಯೂ ಚೆಂಡು ಕಪ್ಪು ಚೆಂಡಿಗೆ ಅನುಕೂಲವಾದ ಜಾಗದಲ್ಲಿ ಬಂದು ನಿಲ್ಲಬೇಕು. ಗುಂಪಾಗಿರುವ ಕೆಂಪು ಚೆಂಡುಗಳು ಸೂಕ್ತವಾಗಿ ಬಿಡಿಸಿಕೊಳ್ಳಬೇಕು.

ಅಮೆರಿಕದ ಸ್ಟ್ರೈಟ್ ಪೂಲ್ ಆಟದ ದಾಖಲೆಗಳೂ ಇಲ್ಲಿ ಪ್ರಸ್ತುತ. ವಿಲ್ಲಿ ಮಾಸ್ಕೋನಿ ಅವರು 1954ರ ಮಾರ್ಚ್‌ನಲ್ಲಿ ಓಹಾಯೋದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಸತತವಾಗಿ 526 ಚೆಂಡುಗಳನ್ನು ಪಾಕೆಟ್ಟಿಗೆ ಹಾಕಿದರು. 2019ರಲ್ಲಿ ಜಾನ್ ಷ್ಮಿಟ್ 626 ಚೆಂಡುಗಳೊಂದಿಗೆ ಅದನ್ನು ದಾಟಿದರು. 2022ರಲ್ಲಿ ಜೇಸನ್ ಶಾ ಇನ್ನೂ ಮುಂದೆ ಹೋದರು. ಚೆಂಡಿಗೆ ಶೇ. 99ರ ಯಶಸ್ಸಿದ್ದರೆ 526ರ ಸರಣಿ ಸುಮಾರು 200 ಪ್ರಯತ್ನಗಳಲ್ಲಿ ಒಮ್ಮೆ ಸಾಧ್ಯ, ಶೇ. 98 ಇದ್ದರೆ ಸುಮಾರು 41,000 ಪ್ರಯತ್ನಗಳಲ್ಲಿ ಒಮ್ಮೆ. ಆದ್ದರಿಂದ ಇಂತಹ ದಾಖಲೆಯನ್ನು ತೂಗುವಾಗ ಕೇಳಬೇಕಾದ ಪ್ರಶ್ನೆ ಎರಡು: ಮೇಜು ಯಾವುದು, ಪ್ರಯತ್ನಗಳು ಎಷ್ಟು? ಮಾಸ್ಕೋನಿ ಆಡಿದ್ದು 8 ಅಡಿಯ ಮೇಜಿನ ಮೇಲೆ, ಅದೂ ಪ್ರದರ್ಶನ ಪಂದ್ಯದಲ್ಲಿ. ಷ್ಮಿಟ್ ಆಡಿದ್ದು 9 ಅಡಿಯ ಮೇಜಿನ ಮೇಲೆ. ಆದರೆ ದಾಖಲೆ ಮುರಿಯುವುದಕ್ಕೆಂದೇ ದಿನಗಟ್ಟಲೆ ಮತ್ತೆ ಮತ್ತೆ ಪ್ರಯತ್ನಿಸಿ. ಯಾವುದು ಹಿರಿದು ಎಂಬ ವಾದಕ್ಕೆ ಒಂದೇ ಸಾಲಿನ ಉತ್ತರವಿಲ್ಲ.

ಅರ್ಧ ಮಿಲಿಮೀಟರಿನ ಜ್ಯಾಮಿತಿ

ಸಂಭವನೀಯತೆ ಎಲ್ಲಿಂದ ಹುಟ್ಟುತ್ತದೆ? ನೇರ ಹೊಡೆತವೊಂದನ್ನು ಕಲ್ಪಿಸಿಕೊಳ್ಳಿ. ಸ್ನೂಕರ್ ಚೆಂಡಿನ ವ್ಯಾಸ 5.25 ಸೆಂಟಿಮೀಟರ್, ಪಾಕೆಟ್ಟಿನ ಬಾಯನ್ನು 8.6 ಸೆಂಟಿಮೀಟರ್ ಎಂದಿಟ್ಟುಕೊಳ್ಳೋಣ. ಚೆಂಡು ನಡುಗೆರೆಯಿಂದ ಎಡಕ್ಕೋ ಬಲಕ್ಕೋ ಸುಮಾರು 1.7 ಸೆಂಟಿಮೀಟರ್ ಸರಿದರೂ ಒಳಗೆ ಬೀಳುತ್ತದೆ. ಗುರಿಚೆಂಡು ಪಾಕೆಟ್ಟಿನಿಂದ ಒಂದೂವರೆ ಮೀಟರ್ ದೂರವಿದ್ದರೆ ಅದರ ದಿಕ್ಕು ತಪ್ಪಬಹುದಾದ ಮಿತಿ ಒಂದು ಡಿಗ್ರಿಯ ಮೂರನೇ ಎರಡು ಭಾಗದಷ್ಟು. ಇದು ಗುರಿಚೆಂಡಿನ ಮಾತಾಯಿತು. ಕ್ಯೂ ಚೆಂಡಿನ ದಿಕ್ಕಿನಲ್ಲಿ ಆಗುವ ಸಣ್ಣ ದೋಷವು ಗುರಿಚೆಂಡಿಗೆ ದಾಟುವಾಗ ಹಲವು ಪಟ್ಟು ಹಿಗ್ಗುತ್ತದೆ. ಎಷ್ಟು ಪಟ್ಟು ಎಂದರೆ, ಕ್ಯೂ ಚೆಂಡು ಸಾಗುವ ದೂರವನ್ನು ಚೆಂಡಿನ ವ್ಯಾಸದಿಂದ ಭಾಗಿಸಿದಷ್ಟು. ಆ ದೂರವೂ ಒಂದೂವರೆ ಮೀಟರ್ ಆದರೆ ಸುಮಾರು 29 ಪಟ್ಟು. ಹೀಗಾಗಿ ಆಟಗಾರನಿಗೆ ಉಳಿಯುವ ಅವಕಾಶ ಒಂದು ಡಿಗ್ರಿಯ ನಲವತ್ತನೇ ಒಂದು ಭಾಗಕ್ಕಿಂತಲೂ ಕಡಿಮೆ. ಕ್ಯೂ ಚೆಂಡು ಬಂದು ತಾಗುವ ಜಾಗದಲ್ಲಿ ಅಳೆದರೆ, ಎರಡೂ ಬದಿಗೆ ಅರ್ಧ ಮಿಲಿಮೀಟರಿಗಿಂತ ತುಸು ಹೆಚ್ಚು.

ಇದರಿಂದ ಹೊರಡುವ ಒಂದು ತೀರ್ಮಾನ ಹೊಸಬರಿಗೆ ಆಶ್ಚರ್ಯ ತರಿಸಬಹುದು. ನೇರ ಹೊಡೆತದ ಕ್ಲಿಷ್ಟತೆಯು ಎರಡು ದೂರಗಳ ಮೊತ್ತವನ್ನಲ್ಲ, ಗುಣಲಬ್ಧವನ್ನು ಅವಲಂಬಿಸಿದೆ. ಒಟ್ಟು ಮೂರು ಮೀಟರ್ ಇರುವಲ್ಲಿ ಗುರಿಚೆಂಡು ಸರಿಯಾಗಿ ನಡುವೆ ಇದ್ದರೆ ಹೊಡೆತ ಅತ್ಯಂತ ಕಠಿಣ. ಅದೇ ಚೆಂಡು ಕ್ಯೂ ಚೆಂಡಿನಿಂದ ಅರ್ಧ ಮೀಟರ್ ಅಂತರದಲ್ಲಿದ್ದು ಪಾಕೆಟ್ಟಿನಿಂದ ಎರಡೂವರೆ ಮೀಟರ್ ದೂರವಿದ್ದರೆ ಬೇಕಾಗುವ ನಿಖರತೆ ಬಹುತೇಕ ಅರ್ಧಕ್ಕೆ ಇಳಿಯುತ್ತದೆ. ಓರೆಯಾಗಿ ಹೊಡೆಯಬೇಕಾದಾಗ ದೋಷ ಇನ್ನೂ ಹಿಗ್ಗುತ್ತದೆ. 60 ಡಿಗ್ರಿ ಕೋನದಲ್ಲಿ ಅದು ನೇರ ಹೊಡೆತದ ಎರಡು ಪಟ್ಟು, 75 ಡಿಗ್ರಿಯಲ್ಲಿ ಹೆಚ್ಚುಕಡಿಮೆ ನಾಲ್ಕು ಪಟ್ಟು.

ಆಟಗಾರನ ಕೈಯ ದೋಷವು ಸಂಖ್ಯಾಶಾಸ್ತ್ರದ ಗಂಟೆಯಾಕಾರದ ವಕ್ರರೇಖೆಯನ್ನು ಅನುಸರಿಸುತ್ತದೆ ಎಂದು ಊಹಿಸಿದರೆ ಜ್ಯಾಮಿತಿಯು ಸಂಭವನೀಯತೆಯಾಗಿ ಮಾರ್ಪಡುತ್ತದೆ. ಮೇಲಿನ ಸ್ನೂಕರ್ ಹೊಡೆತದಲ್ಲಿ ಅನುಮತಿಸಬಹುದಾದ ಮಿತಿ ಮತ್ತು ಆಟಗಾರನ ಮಾನಕ ವಿಚಲನೆ ಒಂದೇ ಆಗಿದ್ದರೆ ಅವನ ಯಶಸ್ಸು ಶೇ. 68. ಅದೇ ಆಟಗಾರ, ಅವೇ ದೂರಗಳು, ಆದರೆ ಮೇಜು ಪೂಲ್‌ನದು. ಅಲ್ಲಿ ಚೆಂಡಿನ ವ್ಯಾಸ 5.715 ಸೆಂಟಿಮೀಟರ್, ಮೂಲೆಯ ಪಾಕೆಟ್ಟಿನ ಬಾಯಿ ನಾಲ್ಕೂವರೆ ಇಂಚು. ಲೆಕ್ಕದ ಪ್ರಕಾರ ಯಶಸ್ಸು ಶೇ. 94ರ ಸಮೀಪಕ್ಕೆ ಏರುತ್ತದೆ. ಪೂಲ್ ಸುಲಭ ಆಟವೆಂದು ಇದರಿಂದ ತೀರ್ಮಾನಿಸುವುದು ತಪ್ಪು. ಅಲ್ಲಿ ಕಷ್ಟವು ಪಾಟ್‌ನಿಂದ ಕ್ಯೂ ಚೆಂಡಿನ ನಿಯಂತ್ರಣಕ್ಕೆ, ಅಡಗಿದ ಚೆಂಡುಗಳಿಗೆ, ಬ್ರೇಕ್ ಹೊಡೆತಕ್ಕೆ ಸ್ಥಳಾಂತರಗೊಂಡಿದೆ.

ಪೂಲ್ ಪಂದ್ಯಾವಳಿಗಳ ಆಯೋಜಕರಿಗೆ ಈ ಗಣಿತ ಚೆನ್ನಾಗಿ ಗೊತ್ತು. ಇತ್ತೀಚಿನ ವರ್ಷಗಳಲ್ಲಿ ಕೆಲವು ವೃತ್ತಿಪರ ನೈನ್-ಬಾಲ್ ಪಂದ್ಯಾವಳಿಗಳು 4 ಇಂಚಿನ ಪಾಕೆಟ್ಟುಗಳಿಗೆ ಬದಲಾಗಿವೆ. ಅಗಲದಲ್ಲಿ ಆದ ಇಳಿಕೆ ಶೇ. 11 ಮಾತ್ರ. ಆದರೆ ಆ ಅಗಲದ ಬಹುಪಾಲನ್ನು ಚೆಂಡೇ ಆಕ್ರಮಿಸಿಕೊಳ್ಳುವುದರಿಂದ, ತಪ್ಪಿಗೆ ಉಳಿಯುವ ಜಾಗ ಕುಗ್ಗುವುದು ಶೇ. 22ರಷ್ಟು. ನಮ್ಮ ಉದಾಹರಣೆಯ ಹೊಡೆತದಲ್ಲಿ ಯಶಸ್ಸು 94ರಿಂದ 85ಕ್ಕೆ ಇಳಿಯುತ್ತದೆ, ಅಂದರೆ ತಪ್ಪುಗಳ ಸಂಖ್ಯೆ ಎರಡು ಪಟ್ಟಿಗಿಂತಲೂ ಹೆಚ್ಚಾಗುತ್ತದೆ. ಸ್ಪೆನ್ಸರ್ ಅವರ 147ಕ್ಕೆ ಮಾನ್ಯತೆ ನಿರಾಕರಿಸಿದ್ದು ಕೇವಲ ಕಾಗದದ ಕಟ್ಟುನಿಟ್ಟಲ್ಲ ಎಂಬುದು ಈ ಲೆಕ್ಕದಿಂದ ವಿದಿತವಾಗುತ್ತದೆ.

ಉತ್ತಮ ಆಟಗಾರನಿಗೆ ಕಷ್ಟದ ಹೊಡೆತವೇ ಇರುವುದಿಲ್ಲ

ಸ್ನೂಕರ್ ಪ್ರಸಾರಗಳಲ್ಲಿ ಪಾಟ್ ಯಶಸ್ಸಿನ ಶೇಕಡಾವಾರು ಪ್ರಮಾಣವನ್ನು ತೋರಿಸುವುದು ವಾಡಿಕೆ. ಅಗ್ರ ಆಟಗಾರರಲ್ಲಿ ಅದು ಸಾಮಾನ್ಯವಾಗಿ 90ರ ಮೇಲಿರುತ್ತದೆ. ಈ ಸಂಖ್ಯೆ ದಾರಿ ತಪ್ಪಿಸುವಂಥದು ಎಂಬುದು ಈ ಲೇಖಕನ ಅಭಿಪ್ರಾಯ. ಒಬ್ಬನು ಪ್ರತಿ ಹೊಡೆತದ ಬಳಿಕವೂ ಕ್ಯೂ ಚೆಂಡನ್ನು ಮುಂದಿನ ಚೆಂಡಿನಿಂದ ಒಂದಡಿ ದೂರದಲ್ಲಿ ನಿಲ್ಲಿಸುತ್ತಾನೆ. ಇನ್ನೊಬ್ಬನು ಪ್ರತಿ ಬಾರಿಯೂ ಐದಡಿ ದೂರಕ್ಕೆ ಬಿಟ್ಟು, ಅಲ್ಲಿಂದ ಅದ್ಭುತವಾಗಿ ಪಾಟ್ ಮಾಡುತ್ತಾನೆ. ಇಬ್ಬರದೂ ಶೇ. 92 ಎಂದಾದರೆ ಗುರಿಯ ನಿಖರತೆಯಲ್ಲಿ ಎರಡನೆಯವನೇ ಶ್ರೇಷ್ಠ. ಆಟದಲ್ಲಿ ಮೊದಲನೆಯವನೇ ಶ್ರೇಷ್ಠನಿರಬಹುದು. ಮೇಜಿನ ಬಳಿ ಕುಳಿತು ನೋಡುವ ಪ್ರೇಕ್ಷಕರು ಚಪ್ಪಾಳೆ ತಟ್ಟುವುದು ಮಾತ್ರ ಎರಡನೆಯವನಿಗೆ.

ಆಯ್ಕೆಯೂ ಅಂಕಿಗಳನ್ನು ಕಲುಷಿತಗೊಳಿಸುತ್ತದೆ. ಎಚ್ಚರಿಕೆಯ ಆಟಗಾರನು ದೂರದ ಕೆಂಪನ್ನು ಪ್ರಯತ್ನಿಸದೆ ಸೇಫ್ಟಿ ಆಡುತ್ತಾನೆ. ಅವನ ಶೇಕಡಾವಾರು ಏರುತ್ತದೆ. ಧೈರ್ಯವಂತನು ಪ್ರಯತ್ನಿಸುತ್ತಾನೆ; ಅವನದು ಇಳಿಯುತ್ತದೆ. ಆಡದೆ ಬಿಟ್ಟ ಹೊಡೆತ ಯಾವ ಪಟ್ಟಿಯಲ್ಲಿಯೂ ಸೇರುವುದಿಲ್ಲ.

ಈ ಕೊರತೆಯನ್ನು ತುಂಬಲು ನಡೆದ ಗಮನಾರ್ಹ ಪ್ರಯತ್ನ ಅಮೆರಿಕದ ಪ್ಯಾಟ್ ಫ್ಲೆಮಿಂಗ್ ಅವರದು. ಅವರ ಆಕ್ಯು-ಸ್ಟ್ಯಾಟ್ಸ್ ಸಂಸ್ಥೆಯು 1980ರ ದಶಕದಲ್ಲಿ ಬಳಕೆಗೆ ತಂದ ಒಟ್ಟು ಸಾಧನೆಯ ಸರಾಸರಿ ಎಂಬ ಅಳತೆಯಲ್ಲಿ, ಪಾಕೆಟ್ಟಿಗೆ ಹಾಕಿದ ಚೆಂಡುಗಳ ಸಂಖ್ಯೆಯನ್ನು ಆ ಚೆಂಡುಗಳು ಮತ್ತು ದೋಷಗಳ ಮೊತ್ತದಿಂದ ಭಾಗಿಸಲಾಗುತ್ತದೆ. ದೋಷವೆಂದರೆ ತಪ್ಪಿದ ಪಾಟ್ ಮಾತ್ರವಲ್ಲ; ಕ್ಯೂ ಚೆಂಡನ್ನು ಕೆಟ್ಟ ಜಾಗದಲ್ಲಿ ಬಿಟ್ಟದ್ದು, ಸೇಫ್ಟಿ ಆಡಲು ಹೋಗಿ ಎದುರಾಳಿಗೆ ಅವಕಾಶ ಕೊಟ್ಟದ್ದು, ಬ್ರೇಕ್‌ನಲ್ಲಿ ಫೌಲ್ ಆದದ್ದು ಎಲ್ಲವೂ ಸೇರುತ್ತವೆ. 0.900 ಎಂದರೆ ಒಂಬತ್ತು ಚೆಂಡಿಗೆ ಒಂದು ದೋಷ; ಅದನ್ನು ವಿಶ್ವದರ್ಜೆಯ ಆಟವೆಂದು ಪರಿಗಣಿಸಲಾಗುತ್ತದೆ. ಒಂದು ತೊಂದರೆಯೆಂದರೆ, ‘ಕೆಟ್ಟ ಜಾಗ’ ಯಾವುದೆಂದು ತೀರ್ಮಾನಿಸುವುದು ಅಂಕ ಬರೆದುಕೊಳ್ಳುವವನ ಕಣ್ಣು.

ಕಣ್ಣಿನ ಬದಲು ಯಂತ್ರವನ್ನು ನಂಬುವ ದಾರಿಯನ್ನು ತೋರಿಸಿದವರು ಕಂಪ್ಯೂಟರ್ ವಿಜ್ಞಾನಿಗಳು. ಕಂಪ್ಯೂಟರ್ ಒಲಿಂಪಿಯಾಡ್‌ನ ಪೂಲ್ ಸ್ಪರ್ಧೆಯಲ್ಲಿ ಪ್ರೋಗ್ರಾಂಗಳೇ ಆಟಗಾರರು. 2005ರಲ್ಲಿ ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ ಪಿಕ್‌ಪಾಕೆಟ್ ಗೆದ್ದಿತು. 2008ರಲ್ಲಿ ಸ್ಟ್ಯಾನ್‌ಫರ್ಡ್‌ನ ಕ್ಯೂಕಾರ್ಡ್. ಇಲ್ಲಿ ಪ್ರತಿ ಹೊಡೆತವನ್ನೂ ಐದು ಸಂಖ್ಯೆಗಳಿಂದ ನಿರೂಪಿಸಲಾಗುತ್ತದೆ: ದಿಕ್ಕು, ಕ್ಯೂವಿನ ಓರೆ, ವೇಗ, ಮತ್ತು ಕ್ಯೂ ತುದಿ ಚೆಂಡನ್ನು ತಾಗುವ ಜಾಗದ ಎರಡು ಅಳತೆಗಳು. ಪ್ರೋಗ್ರಾಂ ಆರಿಸಿದ ಸಂಖ್ಯೆಗಳಿಗೆ ಮನುಷ್ಯನ ಕೈನಡುಕವನ್ನು ಹೋಲುವ ಯಾದೃಚ್ಛಿಕ ದೋಷವನ್ನು ಬೆರೆಸಿ, ಆನಂತರ ಚೆಂಡುಗಳ ಚಲನೆಯನ್ನು ಲೆಕ್ಕ ಹಾಕಲಾಗುತ್ತದೆ. ಅದೇ ಹೊಡೆತವನ್ನು ಬೇರೆ ಬೇರೆ ದೋಷಗಳೊಂದಿಗೆ ಹಲವು ಬಾರಿ ಆಡಿ ನೋಡಿದರೆ ಎಷ್ಟು ಬಾರಿ ಚೆಂಡು ಬೀಳುತ್ತದೆ, ಬಿದ್ದ ಬಳಿಕ ಮೇಜು ಯಾವ ಸ್ಥಿತಿಯಲ್ಲಿರುತ್ತದೆ ಎಂಬುದು ತಿಳಿಯುತ್ತದೆ. ಆರಂಭದಲ್ಲಿ ಹೇಳಿದ ‘ನೂರು ಬಾರಿ ಆಡಿದರೆ’ ಎಂಬ ವ್ಯಾಖ್ಯೆ ಇಲ್ಲಿ ಅಕ್ಷರಶಃ ಜಾರಿಗೆ ಬಂದಿದೆ.

ಗಾಲ್ಫ್‌ನಲ್ಲಿ ಮಾರ್ಕ್ ಬ್ರೋಡಿ ಎಂಬ ಪ್ರಾಧ್ಯಾಪಕರು ಇದೇ ತತ್ತ್ವದಿಂದ, ಪ್ರತಿ ಹೊಡೆತವು ಆಟಗಾರನ ನಿರೀಕ್ಷಿತ ಫಲಿತಾಂಶವನ್ನು ಎಷ್ಟು ಸುಧಾರಿಸಿತು ಎಂಬ ಅಳತೆಯನ್ನು ರೂಪಿಸಿದರು. ಅಮೆರಿಕದ ಪಿಜಿಎ ಟೂರ್ ಅದನ್ನು 2011ರಲ್ಲಿ ಅಂಗೀಕರಿಸಿತು. ಬಿಲಿಯರ್ಡ್ಸ್ ಮೇಜಿಗೂ ಇದು ಸೂಕ್ತವಾದ ಮಾರ್ಗ. ಚೆಂಡು ಬಿದ್ದಿತೇ ಎಂಬುದಕ್ಕಿಂತ, ಹೊಡೆತಕ್ಕೆ ಮೊದಲು ಇದ್ದ ಅವಕಾಶ ಹೊಡೆತದ ಬಳಿಕ ಹಿಗ್ಗಿತೇ ಕುಗ್ಗಿತೇ ಎಂಬುದನ್ನು ಎಣಿಸಿದರೆ, ಕಷ್ಟವೇ ಬಾರದಂತೆ ಆಡುವ ಆಟಗಾರನಿಗೂ ಸಲ್ಲಬೇಕಾದ ಶ್ರೇಯ ಸಲ್ಲುತ್ತದೆ.

150 ಅಂಕಗಳ ಗೋಡೆ

ಎದುರಾಳಿಯೂ ಕ್ಲಿಷ್ಟತೆಯ ಒಂದು ಭಾಗ. ಅಮೆರಿಕದಲ್ಲಿ ಹುಟ್ಟಿದ ಫಾರ್ಗೋ ರೇಟ್ ಎಂಬ ಪೂಲ್ ಶ್ರೇಯಾಂಕದಲ್ಲಿ ಇಬ್ಬರ ನಡುವೆ 100 ಅಂಕಗಳ ಅಂತರವಿದ್ದರೆ, ಬಲಶಾಲಿಯು ಪ್ರತಿ ಮೂರು ಆಟಗಳಲ್ಲಿ ಎರಡನ್ನು ಗೆಲ್ಲುವನೆಂಬ ನಿರೀಕ್ಷೆಯಿದೆ. ಪಂದ್ಯದ ಉದ್ದಕ್ಕೂ ಪಾತ್ರವಿದೆ. ಫ್ರೇಮೊಂದನ್ನು ಗೆಲ್ಲುವ ಸಾಧ್ಯತೆ ಶೇ. 55 ಇರುವ ಆಟಗಾರನು ಏಳು ಫ್ರೇಮ್‌ಗಳ ಪಂದ್ಯವನ್ನು ಗೆಲ್ಲುವುದು ಶೇ. 61ರಷ್ಟು ಬಾರಿ, ವಿಶ್ವ ಸ್ನೂಕರ್ ಫೈನಲ್‌ನಂತಹ 35 ಫ್ರೇಮ್‌ಗಳ ಪಂದ್ಯವನ್ನಾದರೆ ಸುಮಾರು ಶೇ. 72ರಷ್ಟು ಬಾರಿ. ಚಿಕ್ಕ ಪಂದ್ಯದ ಸೋಲಿನಿಂದ ಆಟಗಾರನ ಬಗ್ಗೆ ತೀರ್ಪು ಕೊಡುವವರು ಈ ಅಂತರವನ್ನು ನೆನಪಿಡಬೇಕು.

ಕರ್ನಾಟಕದ ಓದುಗರಿಗೆ ಇದು ಪಂಕಜ್ ಆಡ್ವಾಣಿ ಅವರ ಸಾಧನೆಯನ್ನು ಅರಿಯಲು ನೆರವಾದೀತು. ಪುಣೆಯಲ್ಲಿ ಜನಿಸಿ ಬೆಂಗಳೂರಿನಲ್ಲಿ ಬೆಳೆದ ಆಡ್ವಾಣಿ ಅವರು 2024ರ ನವೆಂಬರ್‌ನಲ್ಲಿ ದೋಹಾದಲ್ಲಿ ತಮ್ಮ 28ನೇ ವಿಶ್ವ ಪ್ರಶಸ್ತಿಯನ್ನು ಗೆದ್ದರು. ವಿಶ್ವ ಬಿಲಿಯರ್ಡ್ಸ್‌ನಲ್ಲಿ ಎರಡು ಬಗೆಯ ಸ್ಪರ್ಧೆಗಳಿವೆ. ಒಂದರಲ್ಲಿ 150 ಅಂಕಗಳನ್ನು ಮೊದಲು ಮುಟ್ಟಿದವರಿಗೆ ಒಂದು ಆಟ. ಇನ್ನೊಂದರಲ್ಲಿ ನಿಗದಿತ ಅವಧಿ ಮುಗಿಯುವವರೆಗೆ ಹೆಚ್ಚು ಅಂಕ ಗಳಿಸಿದವರಿಗೆ ಜಯ. 2005ರಲ್ಲಿ ಮಾಲ್ಟಾದಲ್ಲಿ, 2008ರಲ್ಲಿ ತವರು ಬೆಂಗಳೂರಿನಲ್ಲಿ, 2014ರಲ್ಲಿ ಲೀಡ್ಸ್‌ನಲ್ಲಿ, 2018ರಲ್ಲಿ ಯಾಂಗೋನ್‌ನಲ್ಲಿ ಅವರು ಎರಡನ್ನೂ ಒಟ್ಟಿಗೆ ಗೆದ್ದರು. ಚಿಕ್ಕ ಓಟದಲ್ಲಿ ಒಂದೇ ತಪ್ಪು ಆಟವನ್ನು ಕಳೆಯಬಹುದು. ಉದ್ದದ ಪಂದ್ಯದಲ್ಲಿ ಅದೃಷ್ಟವು ಸಮನಾಗಿ ಸವೆದುಹೋಗಿ ಸರಾಸರಿಯೇ ಮಾತನಾಡುತ್ತದೆ. ಇವೆರಡೂ ಬೇರೆ ಬೇರೆ ಪರೀಕ್ಷೆಗಳೆಂದೇ ಆ ಜೋಡಿ ಪ್ರಶಸ್ತಿಗೆ ಅಷ್ಟು ತೂಕ.

150 ಅಂಕಗಳ ಪಂದ್ಯದ ಅಂಕಿಗಳನ್ನು ಓದುವಾಗ ಇನ್ನೊಂದು ಎಚ್ಚರ ಅಗತ್ಯ. ಬ್ರೇಕ್ 150 ಮುಟ್ಟಿದೊಡನೆ ಆಟ ಮುಗಿಯುತ್ತದೆ. ಆಟಗಾರನು ತಪ್ಪಿರುವುದಿಲ್ಲ, ನಿಯಮವು ಅವನನ್ನು ನಿಲ್ಲಿಸಿರುತ್ತದೆ. ಒಬ್ಬನ ಐದು ಬ್ರೇಕ್‌ಗಳು 150, 20, 40, 150, 90 ಎಂದಿರಲಿ. ಒಟ್ಟು 450ನ್ನು ಐದರಿಂದ ಭಾಗಿಸಿ ಸರಾಸರಿ 90 ಎನ್ನುವುದು ರೂಢಿ. ಆದರೆ ಅವನು ತಪ್ಪಿದ್ದು ಮೂರೇ ಬಾರಿ. 450ನ್ನು ಮೂರರಿಂದ ಭಾಗಿಸಿದರೆ ದೊರೆಯುವ 150 ಅವನ ಸಾಮರ್ಥ್ಯಕ್ಕೆ ಹೆಚ್ಚು ಹತ್ತಿರವಾದ ಅಂದಾಜು. ಕ್ರಿಕೆಟ್‌ನಲ್ಲಿ ಅಜೇಯ ಇನಿಂಗ್ಸ್‌ಗಳನ್ನು ಭಾಜಕದಿಂದ ಬಿಡುವುದು ಇದೇ ತರ್ಕದಿಂದ. ರೂಢಿಯ ಲೆಕ್ಕವು ಉತ್ತಮ ಆಟಗಾರರಿಗೇ ಹೆಚ್ಚು ಅನ್ಯಾಯ ಮಾಡುತ್ತದೆ, ಏಕೆಂದರೆ ಗೋಡೆಗೆ ಹೆಚ್ಚು ಬಾರಿ ತಾಗುವವರು ಅವರೇ.

ಕಿರಿಯರ ಆಯ್ಕೆಯಲ್ಲಿ ‘ಅತ್ಯಧಿಕ ಬ್ರೇಕ್’ ಎಂಬ ಒಂದೇ ಅಂಕಿಗೆ ನೀಡುವ ಮನ್ನಣೆ ಅತಿಯಾದುದು. ಅತ್ಯಧಿಕ ಎಂಬುದು ಸಾಮರ್ಥ್ಯದಷ್ಟೇ ಪ್ರಯತ್ನಗಳ ಸಂಖ್ಯೆಯನ್ನೂ ಅವಲಂಬಿಸುತ್ತದೆ. ದಿನಕ್ಕೆ ಆರು ಗಂಟೆ ಮೇಜು ದೊರೆಯುವ ಹುಡುಗನಿಗೂ, ವಾರಕ್ಕೆ ಎರಡು ಸಂಜೆ ಮಾತ್ರ ದೊರೆಯುವ ಹುಡುಗಿಗೂ ಅದು ಒಂದೇ ಅರ್ಥದ ಸಂಖ್ಯೆಯಲ್ಲ. ಇದರ ಬದಲು ಪ್ರತಿ ಹೊಡೆತಕ್ಕೂ ಕ್ಯೂ ಚೆಂಡಿನಿಂದ ಗುರಿಚೆಂಡಿಗಿರುವ ದೂರ, ಗುರಿಚೆಂಡಿನಿಂದ ಪಾಕೆಟ್ಟಿಗಿರುವ ದೂರ, ಓರೆಯ ಕೋನ, ಬಿದ್ದಿತೇ ಇಲ್ಲವೇ ಎಂಬ ನಾಲ್ಕು ವಿವರಗಳನ್ನು ಬರೆದಿಟ್ಟರೆ ಸಾಕು. ಸಮಾನ ಕ್ಲಿಷ್ಟತೆಯ ಹೊಡೆತಗಳಲ್ಲಿ ಇಬ್ಬರನ್ನೂ ಹೋಲಿಸಬಹುದು. ಮೇಜನ್ನು ಕುಷನ್ನಿನ ಗುರುತುಗಳ ಆಧಾರದಲ್ಲಿ ಚೌಕಗಳಾಗಿ ಭಾಗಿಸಿಕೊಂಡರೆ ಅಳತೆಪಟ್ಟಿಯೂ ಬೇಕಿಲ್ಲ. ಎಷ್ಟು ಹೊಡೆತಗಳನ್ನು ಬರೆದಿಡಬೇಕು ಎಂಬುದು ಮುಖ್ಯ. ನೂರು ಹೊಡೆತಗಳಲ್ಲಿ 70 ಯಶಸ್ವಿಯಾದರೆ ಆ ಆಟಗಾರನ ನಿಜವಾದ ಮಟ್ಟ 61ರಿಂದ 79ರವರೆಗೆ ಎಲ್ಲಿಯಾದರೂ ಇರಬಹುದು. ಶೇ. 70ರ ಆಟಗಾರನನ್ನೂ ಶೇ. 75ರ ಆಟಗಾರನನ್ನೂ ನಂಬಿಕೆಯಿಂದ ಬೇರ್ಪಡಿಸಿ ಹೇಳಲು ಒಬ್ಬೊಬ್ಬರಿಗೂ ಸಾವಿರದಷ್ಟು ಹೊಡೆತಗಳ ದಾಖಲೆ ಬೇಕು.